ಊಟದ ಕೋಣೆಯಲ್ಲಿ ಖೋಯೆಖೋಯೆ

ಲಂಡನ್ನಿನ ಹೌನ್ಸ್ಲೋದ ಲಾಂಡ್ರಿಯೊಂದರಲ್ಲಿ ವಿಮಾನದ ಹೊದಿಕೆ ಮಡಚುವ ಕೆಲಸ ನಮ್ಮಿಬ್ಬರದು, ನನ್ನದು ಮತ್ತು ನಮೀಬಿಯಾದ ಗೆಳತಿಯದು. ಅವಳ ಧ್ವನಿ ಕೇಳದೆ ಊರಲ್ಲಿ ತಾಯಿ ಊಟಕ್ಕೆ ಕೂರುವುದಿಲ್ಲ. ಹಾಗಾಗಿ ದಿನಾ ಮಧ್ಯಾಹ್ನ ಫೋನಿನಲ್ಲಿ ಅವರ ಮನೆಮಾತು ಖೋಯೆಖೋಯೆ ನಡೆಯುತ್ತಿತ್ತು. ನಾಲಿಗೆ ಲೊಚ್ಚೆನ್ನುವ, ಟಕ್ಕೆನ್ನುವ ಆ ಭಾಷೆಗೆ ಮರುಳಾಗಿ ನಾನೂ ಕಲಿಯಲು ಕೂತೆ.

"ಮಗಳು ಕನ್ನಡದಾಗ ಕೇಳಿದ್ರ ಇಂಗ್ಲಿಷಿನ್ಯಾಗ ಉತ್ತರ ಕೊಡ್ತಾಳ. ನಿನಗ್ಯಾಕ ಬೇಕಿತ್ತು ಇದು?" ಅಂದರು ಮನೆಯವರು.

"ನನ್ನ ನಾಲಿಗಿ, ನನ್ನ ಖುಷಿ," ಅಂದೆ.

ಧಾರವಾಡದವಳಾದ ನನಗೆ ಕಾಟ ಕೊಟ್ಟದ್ದು ಕ್ರಿಯಾಪದ. 'ಬಂದೆ' ಅಂದರೆ ಸಾಕು, ಬಂದವಳು ನಾನೇ ಎಂದು ನಮ್ಮಲ್ಲಿ ತಿಳಿಯುತ್ತದೆ. ಅವರಲ್ಲಿ ಯಾರು ಬಂದರೂ ಕ್ರಿಯಾಪದ ಬದಲಾಗುವುದಿಲ್ಲ. ಯಾರೆಂದು ಬೇರೆಯಾಗಿ ಹೇಳಬೇಕು. ಕಾಲಕ್ಕೂ ಬೇರೆ ಪುಟ್ಟ ಪದ: ಈಚೆಗೆ ಆದದ್ದಕ್ಕೆ 'ಗೊ', ಬಹಳ ಹಿಂದಿನದಕ್ಕೆ 'ಗೆ'. ನಾನೋ ಯಾರೆಂಬುದನ್ನೇ ನುಂಗಿಬಿಡುತ್ತಿದ್ದೆ. "ಯಾರು? ಯಾರು?" ಎಂದು ಅವಳು ಮೇಜು ಕುಟ್ಟುತ್ತಿದ್ದಳು.

ಹೊಸ ಸೂಪರ್‌ವೈಸರ್ ಬಂದವನೇ, "ಇಲ್ಲಿ ಇಂಗ್ಲಿಷ್ ಮಾತ್ರ. ಆ ಸದ್ದೆಲ್ಲ ಮನೆಯಲ್ಲಿ ಮಾಡಿಕೊ," ಅಂದ. ಗೆಳತಿ ಫೋನನ್ನು ಚೀಲಕ್ಕೆ ಹಾಕಿದಳು. ಮರುದಿನವೂ ತೆಗೆಯಲಿಲ್ಲ. ಫೋನ್ ಬಂದು ಬಂದು ನಿಲ್ಲುತ್ತಿತ್ತು, ಇವಳು ತಲೆ ಬಗ್ಗಿಸಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ನನ್ನ ಹೊಟ್ಟೆ ಉರಿದುಹೋಯಿತು. ಸದ್ದಂತೆ, ಸದ್ದು! ಅವನಪ್ಪನ ಮನೆಯ ಗಂಟೇನು ಹೋಗುತ್ತಿತ್ತು?

ಮೂರನೆಯ ದಿನ ಅವನು ಚಹಾ ಮಾಡಿಕೊಳ್ಳುತ್ತ ನಿಂತಿದ್ದಾಗಲೇ ಬುತ್ತಿ ಬಿಚ್ಚಿ, ಕೋಣೆಗೆಲ್ಲ ಕೇಳುವಂತೆ ಖೋಯೆಖೋಯೆ ಶುರು ಹಚ್ಚಿಕೊಂಡೆ. ನಿನ್ನೆ ಬಂದದ್ದು, ಉಂಡದ್ದು, ಮಲಗಿದ್ದು, ಎಲ್ಲಕ್ಕೂ ಬೇಕೆಂದೇ 'ಗೆ' ಹಾಕಿದೆ; ಯಾರೆಂದು ಒಂದಕ್ಕೂ ಹೇಳಲಿಲ್ಲ. ನಿನ್ನೆಯ ರೊಟ್ಟಿ ಮುತ್ತಜ್ಜಿಯ ಕಾಲದ್ದಾಯಿತು. ಗೆಳತಿ ತುಟಿ ಕಚ್ಚಿ ಕೂತಳು. ಇನ್ನೂ ಗಟ್ಟಿಯಾಗಿ ಹೇಳಿದೆ. ಅವಳಿಗೆ ತಡೆಯಲಾಗಲಿಲ್ಲ. ಮೇಜು ಕುಟ್ಟಿ, ತನ್ನ ಭಾಷೆಯಲ್ಲೇ "ಯಾರು?" ಎಂದು ಕೂಗಿ, ಇಡೀ ವಾಕ್ಯ ತಿದ್ದಿ ಹೇಳಿದಳು.

"ನಾನು ಏನು ಹೇಳಿದ್ದೆ?" ಅಂದ ಸೂಪರ್‌ವೈಸರ್.

"ಇದು ನಮ್ಮ ಊಟದ ಹೊತ್ತು. ಕೆಲಸದ ಮಾತು ಇಂಗ್ಲಿಷಿನಲ್ಲೇ ಆಡುತ್ತೇವೆ. ಉಳಿದದ್ದು ನಮ್ಮಿಷ್ಟ," ಅಂದೆ.

ಚೀಲದೊಳಗೆ ಫೋನ್ ಬಡಿದುಕೊಂಡಿತು. ಗೆಳತಿ ಒಮ್ಮೆ ಅವನ ಮುಖ ನೋಡಿದಳು, ತೆಗೆದೇಬಿಟ್ಟಳು. ಪರದೆಯ ಮೇಲೆ ತಾಯಿ ಬೈಯುತ್ತಿದ್ದಳೋ ಅಳುತ್ತಿದ್ದಳೋ. ಇವಳದೂ ಅಷ್ಟೇ ಜೋರು. ಕಲಿತದ್ದೆಲ್ಲ ಮರೆತು ನಾನೂ ಬಗ್ಗಿ, "ಅವ್ವಾರ, ಊಟ ಆತೇನ್ರಿ?" ಎಂದು ಕೂಗಿದೆ.

ತಾಯಿ ಕಣ್ಣು ಕಿರಿದು ಮಾಡಿ ಕೇಳಿದಳು, ನನಗೆ ಚೆನ್ನಾಗಿ ಗೊತ್ತಿದ್ದ ಅದೇ ಪ್ರಶ್ನೆ: "ಯಾರು?"

"ತಿತಾ," ಅಂದೆ. ಅಂದರೆ, 'ನಾನು'. ಈ ಸಲ ನುಂಗಲಿಲ್ಲ.

ಸೂಪರ್‌ವೈಸರ್ ನೋಡುತ್ತಲೇ ನಿಂತಿದ್ದ. ಅತ್ತ ತಾಯಿ ನಕ್ಕು, ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.