ನೀವು ಮೊದಲು ಆಡಿ

ಐವತ್ತು ರಿಯಾಲ್ ಹೋಯಿತು. ಕ್ಯಾಸಿನೊ ಇಲ್ಲದ ದೋಹಾದಲ್ಲಿ ಜೂಜಿನ ಗುಟ್ಟು ಕಲಿಯಲು ಕೊಟ್ಟ ಫೀಸು ಎಂದುಕೊಂಡಿದ್ದೇನೆ. ಪಾಠಶಾಲೆ, ಮಾಲ್‌ನ ಮಕ್ಕಳ ಗೇಮ್ ಝೋನ್. ಅಲ್ಲೊಂದು ಗಾಜಿನ ಪೆಟ್ಟಿಗೆ. ಮೇಲಿನಿಂದ ಬಿಲ್ಲೆ ಹಾಕಿದರೆ ಒಳಗಿನ ಹಲಗೆ ಸರಿದು ಬಿಲ್ಲೆಗಳ ರಾಶಿಯನ್ನು ಅಂಚಿಗೆ ತಳ್ಳುತ್ತದೆ. ಬಿದ್ದಷ್ಟಕ್ಕೆ ಟಿಕೆಟ್; ಟಿಕೆಟ್ ಕೂಡಿಸಿದರೆ ಬಹುಮಾನ.

ಕೈ ಖಾಲಿಯಾದ ಮೇಲೆ ಬುದ್ಧಿ ಬಂತು. ಶುಕ್ರವಾರ ಜನ ಆಡಿ ದಣಿದು ಊಟಕ್ಕೆ ಹೊರಟಾಗ ರಾಶಿ ಅಂಚಿನಾಚೆ ಜೋತುಬಿದ್ದಿರುತ್ತದೆ. ಹೋಗಬೇಕಾದ್ದು ಆಗ. ಹಾಕುವವರು ಅವರು, ಬಾಚುವವರು ನಾವು! ಆ ರಾಶಿ ಬೀಳದೆ ಹೇಗೆ ನಿಂತಿದೆಯೋ ಎಂದು ಗಾಜಿಗೆ ಮೂಗು ಒತ್ತಿ ನೋಡಿದೆ.

ಇಂಥದ್ದನ್ನು ಊರಿಗೆಲ್ಲ ಹೇಳಬೇಕೆ? ಬಿನ್ ಮಹಮೂದ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನ ಲವೀನಾ ಬಾಯಿಗೆ ಮೊದಲು ಹೇಳಿದೆ. ಅವರ ಮಗಳು ರಿಯಾಳಿಗೆ ಅಲ್ಲಿ ಬಹುಮಾನಕ್ಕಿಟ್ಟ ಕೆಂಪು ಸೈಕಲ್ಲೇ ಬೇಕು; ತಿಂಗಳುಗಟ್ಟಲೆ ಕೂಡಿಸಿದ ಟಿಕೆಟ್ಟಿಗೆ ಇನ್ನು ಸ್ವಲ್ಪವೇ ಕಮ್ಮಿ.

"ಸೈಕಲ್ ಮನೆಗೆ ಬರುವ ಮೊದಲು ಗ್ರೂಪಿಗೆ ಹಾಕಿದಿರೋ, ಶೆಟ್ರೆ, ನಿಮಗೆ ನಮ್ಮ ಮನೆಯ ಚಾ ಖಲಾಸ್!" ಎಂದರು.

ಆದರೆ ಅಗ್ಗದ ಅಕ್ಕಿ ಎಲ್ಲಿ, ಒಳ್ಳೆಯ ದರ್ಜಿ ಯಾರು ಎಂದು ಕೇಳದವರಿಗೂ ಹೇಳುವ ಬಾಯಿ ನನ್ನದು. ಸಂಜೆಯೊಳಗೆ ಊರವರ ವಾಟ್ಸಾಪ್ ಗ್ರೂಪಿಗೆ ಹಾಕಿಯೇಬಿಟ್ಟೆ.

ಮುಂದಿನ ಶುಕ್ರವಾರ ಹೋದರೆ ಪೆಟ್ಟಿಗೆಯ ಸುತ್ತ ಅರ್ಧ ಕರಾವಳಿ! ಲವೀನಾ ಬಾಯಿ ನನ್ನ ಕಡೆ ನೋಡಲೂ ಇಲ್ಲ. ರಿಯಾಳ ಮುಖ ಬಾಡಿತ್ತು.

ಆದರೆ ಒಬ್ಬರೂ ಆಡುತ್ತಿಲ್ಲ.

"ನೀವು ಮೊದಲು ಆಡಿ."

"ಛೆ ಛೆ, ಹಿರಿಯರು ನೀವು."

"ನನಗೆಂತ ಅರ್ಜೆಂಟ್ ಉಂಟು ಮಾರಾಯ್ರೆ?"

ಗುಟ್ಟು ಎಲ್ಲರಿಗೂ ಗೊತ್ತು. ಇನ್ನೊಬ್ಬ ಹಾಕಲಿ, ನಾನು ಬಾಚುತ್ತೇನೆ! ಮುಶೈರಿಬಿನ ಅಂಗಡಿಗಳಲ್ಲಿ ಆಯುಷ್ಯವಿಡೀ ಚೌಕಾಸಿ ಮಾಡಿದ ನಾನು, ಇಷ್ಟು ಜನ ಸೇರಿ ಒಂದು ಯಂತ್ರದೊಡನೆ ಚೌಕಾಸಿಗೆ ನಿಂತದ್ದನ್ನು ಅಂದೇ ಕಂಡದ್ದು.

"ನೀವು ಉಪಚಾರ ಮಾಡ್ತಾ ಇರಿ, ನಮಗೆ ಹೊತ್ತಾಯ್ತು," ಎಂದು ಲವೀನಾ ಬಾಯಿ ನುಗ್ಗಿ ಬಿಲ್ಲೆ ಹಾಕಿದರು. ಒಂದು, ಇನ್ನೊಂದು, ಮತ್ತೊಂದು. ಹಲಗೆ ಸರಿಯಿತು. ಗುಡ್ಡ ಜರಿದ ಹಾಗೆ ಝಣಝಣ! ಟಿಕೆಟ್ಟಿನ ಪಟ್ಟಿ ರಿಯಾಳ ಕಾಲು ಸುತ್ತಿಕೊಂಡಿತು. ಊರವರೆಲ್ಲ, ತಾವೇ ಗೆದ್ದವರಂತೆ, ಚಪ್ಪಾಳೆ ಹೊಡೆದರು. ನನ್ನ ಚಾ ಉಳಿಯಿತು.

ಆದ್ದರಿಂದ ನನ್ನ ಸಲಹೆ ಕೇಳಿ. ಲಾಭದ ಗುಟ್ಟು ಸಿಕ್ಕಿದರೆ ಒಬ್ಬನಿಗೆ ಮಾತ್ರ ಹೇಳಬೇಡಿ, ಅವನು ಬಾಚಿಕೊಂಡು ಹೋದಾನು. ಎಲ್ಲರಿಗೂ ಹೇಳಿ. ಬುದ್ಧಿವಂತರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಲ್ಲುತ್ತಾರೆ. ನಿಜವಾಗಿ ಬೇಕಾದವರಿಗೆ ಅಷ್ಟು ಜಾಗ ಸಾಕು.