ಬಳುವಳಿಯಾಗಿ ಬಂದ ಮರಳು

ಅರ್ಗೀರೋ ಈಸ್ಟರ್ ಕಳೆದ ಎರಡನೆಯ ವಾರ ತೀರಿಕೊಂಡಳು. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಹಗ್ಗ ಹಿಡಿದುಕೊಂಡೇ ಕೆಳಗೆ ಕುಳಿತಳಂತೆ, ಮತ್ತೆ ಏಳಲಿಲ್ಲ. ಎಪ್ಪತ್ತಾರು ವರ್ಷ. ನಲವತ್ತನೆಯ ದಿನದ ಪ್ರಾರ್ಥನೆಯೂ ಹೋದ ವಾರ ಆಯಿತು. ಬೇಯಿಸಿದ ಗೋಧಿಗೆ ಸಕ್ಕರೆ, ದಾಳಿಂಬೆ ಬೆರೆಸಿ ಹಂಚಿದರು. ಅವಳ ಬಗ್ಗೆ ಒಂದಿಷ್ಟು ಬರೆದುಕೊಡಿ ಎಂದು ಜಿಲ್ಲೆಯ ಪತ್ರಿಕೆಯವರು ಕೇಳಿದ್ದಾರೆ. ಬೇರೆಯವರ ಪರವಾಗಿ ಬರೆಯುವ ಧೈರ್ಯ ನನ್ನಲ್ಲಿ ಈಗ ಉಳಿದಿಲ್ಲ. ಆದರೂ ಬರೆಯುತ್ತಿದ್ದೇನೆ.

ನಾನು ಪಾತ್ರಾಸ್ ನಗರದಿಂದ ಬಂದು ಈ ಊರಲ್ಲಿ ಔಷಧಿ ಅಂಗಡಿ ತೆರೆದು ಮೂವತ್ತೆಂಟು ವರ್ಷವಾಯಿತು. ಅಲ್ಲವೆಂದು ಎಷ್ಟು ಹೇಳಿದರೂ ಊರವರಿಗೆ ನಾನು ‘ಡಾಕ್ಟ್ರು’. ಅರ್ಗೀರೋಗೆ ಮಾತ್ರ ಕೊನೆಯವರೆಗೂ ‘ಪಟ್ಟಣದವನು’.

ಅವಳ ಅಪ್ಪನಿಗೆ ಇಬ್ಬರು ಮಕ್ಕಳು. ಇಲ್ಲಿಯ ಪದ್ಧತಿಯಂತೆ ಆಲಿವ್ ತೋಪು ಮಗ ಪಾಂಡೆಲಿಸ್‌ಗೆ ಹೋಯಿತು. ಮಗಳ ಮದುವೆಗೆ ಬಳುವಳಿ ಅಂತ ಸಮುದ್ರದ ಬದಿಯ ಮರಳು ದಿಬ್ಬ ಕೊಟ್ಟರು. ಈ ಕರಾವಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಅದೇ, ಏನೂ ಬೆಳೆಯದ ನೆಲ. ಗಂಡನ ಮನೆಯವರು ವರ್ಷಗಟ್ಟಲೆ ಆಡಿಕೊಂಡರು. ಅವಳೂ ಅವಳ ಗಂಡನೂ ಎರಡು ಬೇಸಿಗೆ ಅಲ್ಲಿ ಕಲ್ಲಂಗಡಿ ಹಾಕಿ ನೋಡಿದರು. ಉಪ್ಪುಗಾಳಿಗೆ ಬಳ್ಳಿ ಸುಟ್ಟುಹೋಯಿತು. ಗಂಡ ಹಡಗಿಗೆ ಸೇರಿಕೊಂಡ, ಹಡಗಿನಲ್ಲೇ ಕಾಯಿಲೆಬಿದ್ದು ಸತ್ತ. ಮಕ್ಕಳಾಗಿರಲಿಲ್ಲ. ಇವಳು ಹೋಟೆಲುಗಳ ಬಟ್ಟೆಕೋಣೆಯಲ್ಲಿ ಪ್ರವಾಸಿಗಳ ಚಾದರ ಒಗೆಯುತ್ತ ಮೂವತ್ತು ಬೇಸಿಗೆ ಕಳೆದಳು. ಪ್ರವಾಸಿಗಳ ಮೇಲೆ ಅವಳಿಗೆ ದ್ವೇಷವಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳ ಅನ್ನ ಅವರಿಂದಲೇ ಬಂದದ್ದು.

ಕಡಲ ದಡ ಸರ್ಕಾರದ್ದು, ಅದರ ಬೆನ್ನಿಗಿರುವ ದಿಬ್ಬ ಅವಳದು. ದಿಬ್ಬ ಆಳೆತ್ತರಕ್ಕಿಂತ ಹೆಚ್ಚಿಲ್ಲ. ಆದರೆ ಹೆದ್ದಾರಿಯ, ಹೋಟೆಲುಗಳ ದೀಪ ಆಚೆಯ ಮರಳಿಗೆ ಬೀಳದಂತೆ ತಡೆಯುವುದು ಅದೇ. ಕತ್ತಲೆಯಿದ್ದರೆ ಮಾತ್ರ ಕಡಲಾಮೆ ಮೇಲೆ ಬಂದು ಮೊಟ್ಟೆಯಿಡುತ್ತದೆ. ಹೊರಬಿದ್ದ ಮರಿಗಳು ಬೆಳಕಿದ್ದ ಕಡೆಗೆ ಹರಿಯುತ್ತವೆ. ಆ ಬೆಳಕು ನೀರಿನದಾಗಿದ್ದರೆ ಬದುಕುತ್ತವೆ, ಬಾರಿನದಾಗಿದ್ದರೆ ಬೆಳಗ್ಗೆ ರಸ್ತೆಯಲ್ಲಿ ಒಣಗಿ ಬಿದ್ದಿರುತ್ತವೆ. ಅಕ್ಕಪಕ್ಕದ ದಿಬ್ಬಗಳೆಲ್ಲ ಮಾರಾಟವಾಗಿ, ಸಮತಟ್ಟಾಗಿ, ಅಲ್ಲಿ ಮಲಗುಕುರ್ಚಿಗಳು ಬಂದವು. ನಡುವೆ ಇವಳದೊಂದು ಉಳಿಯಿತು.

ಮೊದಲ ಬೆಳಕಿಗೆ ಅವಳು ದಡಕ್ಕೆ ಹೋಗುತ್ತಿದ್ದಳು. ಹೆಂಡತಿ ತೀರಿಕೊಂಡ ಮೇಲೆ ನನಗೆ ನಿದ್ದೆ ಬಾರದಾಗಿ, ನಾನೂ ಜೊತೆಯಾದೆ. ಹತ್ತೊಂಬತ್ತು ಬೇಸಿಗೆ. ಆಮೆ ಬಂದುಹೋದ ಜಾಡು ಟ್ರ್ಯಾಕ್ಟರ್ ಗಾಲಿಯ ಗುರುತಿನಂತಿರುತ್ತದೆ. ಅದರ ತುದಿಯಲ್ಲಿ ಮಂಡಿಯೂರಿ, ಹಿಟ್ಟು ಉಬ್ಬಿದೆಯೇ ಎಂದು ನೋಡುವವಳಂತೆ ಅಂಗೈಯಿಂದ ಮರಳು ಒತ್ತುತ್ತಾ ಹೋಗುತ್ತಿದ್ದಳು. ಮೆತ್ತಗಿದ್ದ ಕಡೆ ಬೆರಳಿಂದ ತೋಡಿ, ಮೊದಲ ಮೊಟ್ಟೆ ಕಂಡೊಡನೆ ನಿಲ್ಲಿಸಿ ಮುಚ್ಚುವಳು. ನಾನು ಮೂರು ಬಿದಿರುಕೋಲು ನೆಟ್ಟು, ನರಿ ಕೆದಕದಂತೆ ಮೇಲೆ ಬಲೆ ಹಾಸಬೇಕು. ಕೊನೆಗೆ ಅವಳು ಕಾಲಿಂದ ಜಾಡು ಅಳಿಸುವಳು, ನಾಳೆ ಅದನ್ನೇ ಇನ್ನೊಮ್ಮೆ ಎಣಿಸಬಾರದೆಂದು. ಕೋಲು ವಾರೆಯಾದರೆ ನನಗೆ ಬೈಗುಳ.

ಕಾಫಿ ಅಂಗಡಿಯ ಗಂಡಸರು ಅವಳಿಗೆ ಆಮೆಗಳ ಬೀಗಿತಿ ಎಂದು ಹೆಸರಿಟ್ಟಿದ್ದರು. “ಏನಕ್ಕಾ, ಬೀಗರು ಬಂದಿದ್ರಾ?” ಎಂದು ಒಬ್ಬ ಕೇಳಿದರೆ, “ಬಂದಿದ್ರು ಕಣೋ. ನಿನ್ನ ಹಾಗೆ ಕುಡಿದು ಕೂಗಾಡ್ಲಿಲ್ಲ. ಬಂದ ಕೆಲ್ಸ ಮುಗಿಸ್ಕೊಂಡು ಸುಮ್ನೆ ಹೋದ್ರು,” ಅನ್ನುವಳು. ಈಚೆಗೆ ಆ ಉತ್ತರವನ್ನೂ ಕೊಡುತ್ತಿರಲಿಲ್ಲ. ಅವಳಿಗೆ ಸಾಕಾಗಿತ್ತು.

ಹೋಟೆಲ್ ಕಂಪನಿಯವರು ನಾಲ್ಕು ಸಲ ಬಂದಿದ್ದರು. ಅವರಿಗೆ ದಿಬ್ಬ ಕೆಡವಿ ಕಡಲಿಗೆ ನೇರ ರಸ್ತೆ ಮಾಡಬೇಕಿತ್ತು, ತುದಿಯಲ್ಲಿ ಬಾರು. ಪ್ರತಿಸಲವೂ ಇವಳು ಅವರಿಗೆ ಕಾಫಿ ಕೊಟ್ಟು ಕಳಿಸಿದಳು. ಅಷ್ಟೊಂದು ಹಟ ಏಕೆಂದು ನಾನು ಒಮ್ಮೆ ಕೇಳಿದ್ದೆ. “ಈ ನೆಲಾನ ಬರಡು ಅಂದ್ರು, ಪಟ್ಟಣದವನೇ. ಮಕ್ಕಳಾಗ್ಲಿಲ್ಲ ಅಂತ ನನ್ನೂ ಹಾಗೇ ಅಂದ್ರು. ಪ್ರತಿ ಬೇಸಿಗೆ ಇಲ್ಲಿ ಸಾವಿರಾರು ಮರಿ ಹುಟ್ತಾವೆ. ಅಂದೋರೆಲ್ಲ ಬಂದು ನೋಡ್ಲಿ,” ಎಂದಳು. ಆಮೇಲೆ ಆ ಮಾತು ಎತ್ತಲೇ ಇಲ್ಲ.

ಎರಡು ಚಳಿಗಾಲದ ಹಿಂದೆ ಅವಳಿಗೆ ಎದೆನೋವು ಬಂತು. ಚೇತರಿಸಿಕೊಂಡವಳೇ ಒಂದು ಚೀಲ ನಿಂಬೆಹಣ್ಣು ಹಿಡಿದು ಅಂಗಡಿಗೆ ಬಂದಳು. ದಿಬ್ಬವನ್ನು ಆಮೆ ಕಾಯುವವರ ಸಂಘಕ್ಕೆ ಬಿಟ್ಟುಹೋಗಬೇಕು, ಉಯಿಲು ಬೇಕು ಎಂದಳು. ನಮ್ಮೂರಲ್ಲಿ ಕಾಗದಪತ್ರವೆಂದರೆ ನನ್ನ ಅಂಗಡಿಯೇ. ಪಿಂಚಣಿ ಅರ್ಜಿ, ಕರೆಂಟ್ ಬಿಲ್ಲಿನ ತಕರಾರು, ಆಲಿವ್ ಬೆಳೆಯ ಸಹಾಯಧನ, ಎಲ್ಲಕ್ಕೂ ಮಾತ್ರೆಯ ಜೊತೆ ನನ್ನ ಪೆನ್ನೂ ಬೇಕು. ನನಗೆ ಅದರ ಜಂಬವೂ ಇತ್ತು. ಅವಳು ಪೆನ್ನು ಕೈಗೆ ತೆಗೆದುಕೊಂಡಿದ್ದಳು. “ನಾನೇ ಬರೀಲಾ?” ಎಂದು ಕೇಳಿಯೂ ಕೇಳಿದಳು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ನಿಧಾನಕ್ಕೆ ಬರೆಯುತ್ತಿದ್ದಳು.

“ಕೊಡು ಇಲ್ಲಿ. ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ,” ಎಂದೆ.

ನಕ್ಕು ಕೊಟ್ಟಳು. ನಾನು ಒಂದೂವರೆ ಪುಟ ಬರೆದೆ, ಒಂದು ಚಿತ್ತೂ ಇಲ್ಲದೆ. ಕೆಳಗೆ ಅವಳು ಸಹಿ ಹಾಕಿದಳು.

ಅವಳು ತೀರಿಕೊಂಡ ಮೂರನೆಯ ವಾರ ಅದನ್ನು ಪಟ್ಟಣದ ವಕೀಲನ ಹತ್ತಿರ ಕೊಂಡೊಯ್ದೆ. ಅವನು ಓದಿ, ಇದು ಯಾರ ಕೈಬರಹ ಎಂದು ಕೇಳಿದ. ನನ್ನದು ಎಂದೆ. ಕನ್ನಡಕ ತೆಗೆದಿಟ್ಟ. ಮನೆಯಲ್ಲಿ ಬರೆದಿಟ್ಟ ಉಯಿಲಾದರೆ ಮೊದಲಿಂದ ಕೊನೆಯವರೆಗೆ ಸತ್ತವರ ಕೈಯಲ್ಲೇ ಬರೆದದ್ದಾಗಿರಬೇಕು, ಸಹಿಯೊಂದೇ ಸಾಲದು, ನಮ್ಮ ಕಾನೂನು ಹಾಗಿದೆ ಎಂದ. ಹೀಗಾಗಿ ಇದು ಉಯಿಲೇ ಅಲ್ಲ, ಆಸ್ತಿ ಅವಳ ತಮ್ಮ ಪಾಂಡೆಲಿಸ್‌ಗೆ ಹೋಗುತ್ತದೆ. ಇಷ್ಟು ಓದಿದವರಿಗೆ ಇದು ಗೊತ್ತಿರಲಿಲ್ಲವೇ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ನನ್ನ ಮನೆಯ ಮೂರು ಗೋಡೆ ತುಂಬ ಪುಸ್ತಕಗಳಿವೆ. ಕಾನೂನಿನದು ಒಂದೂ ಇಲ್ಲ.

ನಲವತ್ತನೆಯ ದಿನ ಚರ್ಚಿನ ಪಕ್ಕದ ಕೋಣೆಯಲ್ಲಿ ಕಾಫಿ, ಬ್ರಾಂದಿ ಕೊಡುತ್ತಿದ್ದಾಗ ಪಾಂಡೆಲಿಸ್ ನನ್ನ ಪಕ್ಕದಲ್ಲಿ ಬಂದು ಕುಳಿತ. ಕೆಟ್ಟವನಲ್ಲ. ಕಾಡ್ಗಿಚ್ಚು ಬಂದ ವರ್ಷ ಅವನ ತೋಪು ಬೇರುಸಹಿತ ಸುಟ್ಟಿತ್ತು. ಹೊಸದಾಗಿ ನೆಟ್ಟದ್ದು ಈಗಷ್ಟೇ ಕಾಯಿ ಹಿಡಿಯುತ್ತಿದೆ. ಇಬ್ಬರು ಹೆಣ್ಣುಮಕ್ಕಳೂ ಬಾಡಿಗೆ ಮನೆಯಲ್ಲಿದ್ದಾರೆ. ಕಂಪನಿಯವರ ಜೊತೆ ಮಾತಾಗಿದೆ ಎಂದು ಅವನೇ ಹೇಳಿದ.

“ಒಳ್ಳೇ ನೆಲ ನಾನಿಟ್ಕೊಂಡೆ, ಕೆಟ್ಟದ್ದು ಅವಳಿಗೆ ಕೊಟ್ವಿ. ಈಗ ನೋಡಿ ಡಾಕ್ಟ್ರೇ, ಆ ಕೆಟ್ಟದ್ದೇ ನನ್ನ ಮಕ್ಕಳಿಗೆ ದಾರಿ ಆಗ್ಬೇಕಾಗಿದೆ. ನಾಚಿಕೆ ಆಗತ್ತೆ. ಆದ್ರೂ ಬಿಡೋಕಾಗಲ್ಲ.” ಲೋಟ ಕೆಳಗಿಟ್ಟ. “ಆ ಕಾಗದ ಅವಳ ಕೈಯಲ್ಲೇ ಬರೆದದ್ದಾಗಿದ್ರೆ ನಾನು ಬಾಯಿ ಮುಚ್ಕೊಂಡಿರ್ತಿದ್ದೆ. ದೇವ್ರಾಣೆ.”

ಅವನು ಚುಚ್ಚಲು ಹೇಳಿದ್ದಲ್ಲ. ಕಾನೂನಿದೆ, ಅಲ್ಲಿ ಕಟ್ಟಲು ಪರವಾನಗಿ ಸಿಗುವುದು ಕಷ್ಟ ಎಂದು ವಕೀಲ ನನಗೆ ಸಮಾಧಾನ ಹೇಳಿದ್ದ. ಆದರೆ ದಿಬ್ಬ ಕೆಡವಲು ಪರವಾನಗಿ ಕೇಳಿದವರನ್ನು ಈ ಕರಾವಳಿಯಲ್ಲಿ ನಾನು ಕಂಡಿಲ್ಲ. ಯಾವ ಕಚೇರಿಯೂ ತೆರೆದಿರದ ಒಂದು ಭಾನುವಾರ, ಒಂದು ಬುಲ್ಡೋಜರ್ ಸಾಕು. ದಂಡ ಆಮೇಲೆ ಬರುತ್ತದೆ, ದಿಬ್ಬ ವಾಪಸು ಬರುವುದಿಲ್ಲ.

ಕೊನೆಗೆ ಒಂದನ್ನೇ ಕೇಳಿದೆ. ಈಗಾಗಲೇ ಮೊಟ್ಟೆಯಿಡುತ್ತಿವೆ, ಕೊನೆಯ ಗೂಡು ಒಡೆಯುವ ತನಕ ಮುಟ್ಟಬೇಡ ಎಂದೆ.

“ಯಾವಾಗ ಅದು?”

“ಅಕ್ಟೋಬರ್ ಮುಗೀಬೇಕು.”

ಕಂಪನಿಯವರು ಜುಲೈಗೇ ಬೇಕೆನ್ನುತ್ತಿದ್ದಾರೆ ಎಂದು ಗೊಣಗಿದ. ಅಕ್ಕನ ಫೋಟೋದ ಕಡೆ ನೋಡಲಿಲ್ಲ, ನೆಲ ನೋಡಿದ. “ಈ ವರ್ಷದ್ದು ಆಗ್ಲಿ. ಮುಂದಿನ ವರ್ಷ ನನ್ನತ್ರ ಬರಬೇಡಿ ಡಾಕ್ಟ್ರೇ,” ಎಂದು ಎದ್ದುಹೋದ.

ಸಂಘದವರು ಅಥೆನ್ಸ್‌ನ ವಕೀಲರಿಗೆ ಬರೆದಿದ್ದಾರೆ, ಸಚಿವಾಲಯಕ್ಕೂ ಬರೆದಿದ್ದಾರೆ. ಉತ್ತರ ಬಂದಿಲ್ಲ. ಚಳಿಗಾಲದೊಳಗೆ ಬರುವುದೆಂದು ನಾನು ನಂಬಿಲ್ಲ. ನಂಬುವ ಶಕ್ತಿಯನ್ನು ಬೆಳಗಿನ ನಡಿಗೆಗೆ ಇಟ್ಟುಕೊಂಡಿದ್ದೇನೆ.

ಇವತ್ತು ಹನ್ನೊಂದನೆಯ ಗೂಡು ಸಿಕ್ಕಿತು. ಮಂಡಿಯೂರಿ ಮರಳು ಒತ್ತಿ ನೋಡುವುದು ನನಗೆ ಇನ್ನೂ ಬರುವುದಿಲ್ಲ. ಅವಳು ಎರಡು ನಿಮಿಷಕ್ಕೆ ಹುಡುಕುತ್ತಿದ್ದುದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು. ಸಂಘದಿಂದ ಬಂದ ಹುಡುಗಿಯೊಬ್ಬಳು ಕೋಲು ಹಿಡಿದು ನಿಂತಿದ್ದಳು. ದಡದ ಈ ತುಂಡೇ ಎಲ್ಲಕ್ಕಿಂತ ಚೆನ್ನಾಗಿದೆ, ಮುಂದಿನ ವರ್ಷ ಸಂಘದ ಡೇರೆಯನ್ನು ಇಲ್ಲೇ ಹಾಕೋಣವೇ ಎಂದು ಕೇಳಿದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಅಕ್ಟೋಬರ್ ಕಳೆದರೆ ಈ ದಿಬ್ಬ ಉಳಿಯುವುದಿಲ್ಲವೆಂದು ನಾನೇ ಹೇಳಿದೆ. ಅವಳು ದಿಬ್ಬದ ಕಡೆ ನೋಡಿ, ಹಾಗಾದರೆ ಬಲೆ ಹಾಸಲೇ ಬೇಡವೇ ಎಂದು ಕೇಳಿದಳು. ಹಾಸು ಎಂದೆ.