ಹಳದಿ ಪೆನ್ಸಿಲ್ಲಿನ ಆನೆ

ಈ ಊರಿನಲ್ಲಿ ನಲವತ್ತು ದಾಟಿದವರನ್ನು ಯಾರನ್ನಾದರೂ ನಿಲ್ಲಿಸಿ ಕೇಳಿ, ಟಿ.ವಿ.ಯ ಮಕ್ಕಳ ಕಾರ್ಯಕ್ರಮದಲ್ಲಿ ಪೆನ್ನು ಎತ್ತದೆ ಒಂದೇ ಗೆರೆಯಲ್ಲಿ ಆನೆ ಬರೆಯುತ್ತಿದ್ದವನು ಯಾರು ಎಂದು. ಹೆಸರು ಹೇಳಲಿಕ್ಕಿಲ್ಲ, ‘ಒಂದೇ ಗೆರೆ ಮಾಮ’ ಅನ್ನುತ್ತಾರೆ. ಅದು ನಾನೇ. ಹಲಸೂರು ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು ನನ್ನನ್ನು ಕಂಡರೆ ಒಂದು ಕಟ್ಟು ಹೆಚ್ಚಿಗೆ ಹಾಕುತ್ತಿದ್ದಳು. ಶಿವಾಜಿನಗರದ ಬಸ್ಸಿನಲ್ಲಿ ಕಂಡಕ್ಟರು ಎದ್ದು ತನ್ನ ಸೀಟು ಕೊಡುತ್ತಿದ್ದ. ಕೊಟ್ಟವನು ಟಿಕೆಟ್ಟಿನ ಹಿಂಬದಿ ಚಾಚಿ, ಮಗಳಿಗೊಂದು ಆನೆ ಬರೆದುಕೊಡಿ ಎಂದರೆ ಮಾತ್ರ, ನನ್ನ ಸ್ಟಾಪು ಬಂತು ಎಂದು ಎಲ್ಲೆಂದರಲ್ಲಿ ಇಳಿದುಬಿಡುತ್ತಿದ್ದೆ. ಹಾಗೆ ಇಳಿದು ಎಷ್ಟು ಮೈಲಿ ನಡೆದಿದ್ದೇನೋ ಲೆಕ್ಕವಿಲ್ಲ. ನನಗೆ ಒಂದೇ ಗೆರೆಯಲ್ಲಿ ಆನೆ ಬರೆಯಲು ಬರುತ್ತಿರಲಿಲ್ಲ.

ಚಿತ್ರ ಬರೆಯಲು ಬರುತ್ತಿತ್ತು, ಅದರಲ್ಲಿ ಅನುಮಾನ ಬೇಡ. ಉಜ್ಜಿ, ಅಳಿಸಿ, ಮತ್ತೆ ತಿದ್ದಿ ಬರೆದರೆ ನನ್ನ ಆನೆಯ ಮುಂದೆ ನಿಜವಾದ ಆನೆಯೂ ಸಪ್ಪೆ. ಆದರೆ ಟಿ.ವಿ.ಯಲ್ಲಿ ಅಳಿಸುವಂತಿಲ್ಲ. ಮೊದಲನೆಯ ರೆಕಾರ್ಡಿಂಗಿನ ದಿನ ನನ್ನ ಆನೆಯ ಸೊಂಡಿಲು ಹಾಳೆ ಮುಗಿದು ಮೇಜಿನ ಮೇಲಕ್ಕೆ ಹೋಯಿತು. ಆ ಕಾಲದಲ್ಲಿ ಟೇಪಿಗೆ ಪರದಾಟ. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಾರ್ಯಕ್ರಮದ ಅಧಿಕಾರಿ ಎಲ್ಲರ ಮುಂದೆಯೇ ಹೇಳಿದರು. ಅವತ್ತು ಮನೆಗೆ ಬಂದು ಯೋಚಿಸಿದೆ. ಬಿಳಿ ಹಾಳೆಯ ಮೇಲೆ ತಿಳಿ ಹಳದಿ ಪೆನ್ಸಿಲ್ಲಿನಲ್ಲಿ ಆನೆಯನ್ನು ಸಮಾಧಾನವಾಗಿ ಬರೆದುಕೊಂಡೆ. ಸ್ಟುಡಿಯೋದ ದೀಪಗಳ ಧಗೆಯಲ್ಲಿ ಆಗಿನ ಕ್ಯಾಮೆರಾಕ್ಕೆ ಆ ಹಳದಿ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ಅದರ ಮೇಲೆ ದಪ್ಪ ಕಪ್ಪು ಪೆನ್ನನ್ನು ಸರ್ರನೆ ಎಳೆದರೆ ಆಯಿತು. ಸ್ಟುಡಿಯೋ ಫ್ಲೋರಿನಲ್ಲಿದ್ದವರು ಚಪ್ಪಾಳೆ ಹೊಡೆದರು. ಚಪ್ಪಾಳೆ ಹೊಡೆದ ಮೇಲೆ ನಿಜ ಹೇಳಲು ನನಗೇನು ಹುಚ್ಚೇ?

ಆಮೇಲೆ ವರ್ಷಗಟ್ಟಲೆ ಹಳದಿ ಪೆನ್ಸಿಲ್ಲು. ಶಿವಾಜಿನಗರದ ಸ್ಟೇಷನರಿ ಅಂಗಡಿಯ ಸಾಹೇಬರು, ಒಂದೇ ಬಣ್ಣವನ್ನು ಡಜನ್ನುಗಟ್ಟಲೆ ಯಾಕೆ ಒಯ್ಯುತ್ತೀರಿ ಎಂದು ಕೇಳಿದರು. ನಮ್ಮ ಪ್ರೋಗ್ರಾಮಿನಲ್ಲಿ ಸೂರ್ಯ ಜಾಸ್ತಿ ಎಂದೆ. ಅವರು ನಂಬಿದರು. ಎಲ್ಲರೂ ನಂಬುತ್ತಿದ್ದರು. ನಂಬಿಸುವುದು ನನ್ನ ಕೈಚಳಕದ ಅರ್ಧ ಭಾಗ. ಕಾಗದದಲ್ಲಿ ಹಲ್ಲಿ ಮಾಡಿ ಅದೇ ಅಧಿಕಾರಿಯ ಕೋಣೆಯ ಸ್ವಿಚ್ಚಿನ ಮೇಲೆ ಅಂಟಿಸಿದ್ದೆ. ಮೂರು ದಿನ ಆ ಮನುಷ್ಯ ಕತ್ತಲಲ್ಲೇ ಕೂತು ಫೈಲು ನೋಡಿದರು. ಗೊತ್ತಾದ ಮೇಲೆ ಅವರೂ ನಕ್ಕರು. ಅಂದಿನಿಂದ ನಾನು ಏನೇ ಹೇಳಿದರೂ ಜನ ಮೊದಲು ನಗುತ್ತಿದ್ದರು, ಆಮೇಲೆ ನಿಜವೇ ಎಂದು ಕೇಳುತ್ತಿದ್ದರು. ಅದನ್ನು ದೊಡ್ಡ ಬಿರುದೆಂದುಕೊಂಡಿದ್ದೆ.

ಮಕ್ಕಳ ಕಾಗದಗಳು ಗೋಣಿಚೀಲದಲ್ಲಿ ಬರುತ್ತಿದ್ದವು. ಎಲ್ಲದರಲ್ಲೂ ಒಂದೇ ಪ್ರಶ್ನೆ: ಮಾಮ, ನಮಗೆ ಯಾಕೆ ಒಂದೇ ಗೆರೆಯಲ್ಲಿ ಬರುವುದಿಲ್ಲ? ಕ್ಯಾಮೆರಾ ನೋಡಿಕೊಂಡು ನಾನು ಪ್ರತಿಸಲ ಒಂದೇ ಉತ್ತರ ಕೊಡುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಆನೇನ ನೆನೆಸ್ಕೊಳ್ಳಿ ಮಕ್ಕಳೇ, ಕೈ ತಾನಾಗೇ ಹೋಗುತ್ತೆ. ಈ ಮಾತು ಆಗ ಎಷ್ಟು ಚೆನ್ನಾಗಿ ಕೇಳಿಸುತ್ತಿತ್ತು ಎಂದರೆ, ನಾನೂ ಒಂದೆರಡು ಸಲ ಮನೆಯಲ್ಲಿ ಕಣ್ಣು ಮುಚ್ಚಿ ಕೂತು ನೋಡಿದ್ದೆ. ಕೈ ಎಲ್ಲಿಗೂ ಹೋಗಲಿಲ್ಲ.

ಕಾರ್ಯಕ್ರಮ ನಿಂತು ಎಷ್ಟೋ ವರ್ಷಗಳಾದವು. ಈಗ ನಾನು ಕಾಕ್ಸ್ ಟೌನಿನ ಒಂದು ಫ್ಲಾಟಿನಲ್ಲಿ ಇದ್ದೇನೆ. ಕಣ್ಣಿಗೆ ಪೊರೆ ಬಂದಿದೆ, ಬಲಗೈ ನಡುಗುತ್ತದೆ. ಕಾಫಿ ಲೋಟ ತುಟಿಗೆ ತರುವಷ್ಟರಲ್ಲಿ ಕಾಲುಭಾಗ ಶರ್ಟಿಗೆ. ಹೀಗಿರುವಾಗ ಕಳೆದ ವರ್ಷ ಇಂದಿರಾನಗರದಿಂದ ಒಬ್ಬ ಹೆಣ್ಣುಮಗಳ ಫೋನು ಬಂತು. ಮೊಬೈಲಿನಲ್ಲಿ ಮಕ್ಕಳಿಗಾಗಿ ಚಾನೆಲ್ಲು ನಡೆಸುವ ಸ್ಟುಡಿಯೋ ಒಂದರಲ್ಲಿ ಆಕೆ ಡೈರೆಕ್ಟರು. ‘ಒಂದೇ ಗೆರೆ ತಾತ’ ಎಂಬ ಹೆಸರಿನಲ್ಲಿ ಹಳೆಯ ಕಾರ್ಯಕ್ರಮವನ್ನೇ ಮತ್ತೆ ಮಾಡೋಣ ಎಂದಳು. ಕೈ ನಡುಗುತ್ತದೆ ಎಂದು ಹೇಳಬೇಕಿತ್ತು. ಯಾವತ್ತು ಶೂಟಿಂಗು ಎಂದು ಕೇಳಿದೆ.

ಶೂಟಿಂಗಿನ ದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಾಳೆ ಹರಡಿ ಹಳೆಯ ಪದ್ಧತಿಯಂತೆ ಹಳದಿ ಆನೆ ಬರೆದೆ. ಅಲ್ಲಿ ತಪ್ಪು ನಡೆಯಿತು. ಪೊರೆ ಬಂದ ಕಣ್ಣಿಗೆ ಗೆರೆ ಕಾಣಲೇ ಇಲ್ಲ. ಸ್ವಲ್ಪ ಒತ್ತಿದೆ. ಆಗಲೂ ಕಾಣಲಿಲ್ಲ, ಇನ್ನೂ ಒತ್ತಿದೆ. ಹಾಳೆಯನ್ನು ಸುರುಳಿ ಸುತ್ತಿ ಆಟೋ ಹತ್ತಿದೆ.

ಸ್ಟುಡಿಯೋ ಎಂದರೆ ನೂರಡಿ ರಸ್ತೆಯ ಹಿಂದಿನ ಒಂದು ಹಳೆಯ ಮನೆ. ಆಕೆ ಬಾಗಿಲಿಗೇ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಹುಟ್ಟಿ ಬೆಳೆದದ್ದು ಕೆ.ಆರ್. ಪುರಂ ಕಡೆಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಂತೆ. ನನ್ನ ಕಾರ್ಯಕ್ರಮ ಬರುವ ಹೊತ್ತಿಗೆ ಬೀದಿಯ ಮಕ್ಕಳೆಲ್ಲ ಅವರ ಮನೆಯಲ್ಲಿ ಸೇರುತ್ತಿದ್ದರಂತೆ. ನೀನೂ ಬರೀತಿದ್ಯೇನಮ್ಮ ಎಂದು ಕೇಳಿದೆ. ಟ್ರೈ ಮಾಡಿದ್ದೆ, ನನಗೆ ಬರಲಿಲ್ಲ ಎಂದು ನಗುತ್ತಲೇ ಹೇಳಿದಳು. ನಾನೂ ನಕ್ಕೆ.

ತಲೆಯ ಮೇಲಿನಿಂದ ಹಾಳೆಯನ್ನೇ ನೋಡುವ ಕ್ಯಾಮೆರಾ. ಎದುರಿಗೆ ಗೋಡೆಯಷ್ಟು ದೊಡ್ಡ ಮಾನಿಟರು. ಪೆನ್ನಿನ ಮುಚ್ಚಳ ತೆಗೆದು, ಮಕ್ಕಳೇ, ಎಂದು ಶುರುಮಾಡಿದೆನೋ ಇಲ್ಲವೋ, ಎಡಿಟಿಂಗ್ ಮಾಡುವ ಗಡ್ಡದ ಮನುಷ್ಯ ಮಾನಿಟರಿಗೆ ಬಗ್ಗಿದ.

“ಮೇಡಂ, ಪೇಪರ್ ಮೇಲೆ ಆಲ್ರೆಡಿ ಆನೆ ಇದೆ.”

ಮಾನಿಟರಿನ ತುಂಬ ನನ್ನ ಹಳದಿ ಆನೆ ನಿಂತಿತ್ತು. ಬಾಲದ ಕೂದಲು ಕೂಡ ಎಣಿಸಬಹುದಿತ್ತು. ನಿನ್ನೆ ಸೊಳ್ಳೆಯೊಂದು ಅರಿಶಿನ ತುಳಿದುಕೊಂಡು ಹೋಗಿರಬೇಕು ಎಂದೆ. ಎಲ್ಲರೂ ನಕ್ಕರು, ಗಡ್ಡದವನೂ ನಕ್ಕ. ಆಕೆಯೊಬ್ಬಳು ನಗಲಿಲ್ಲ. ಟೀ ಬ್ರೇಕ್ ಎಂದು ಹೇಳಿ ಎಲ್ಲರನ್ನೂ ಕಳಿಸಿ, ಹಾಳೆಯನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಆವಾಗ್ಲೂ ಇತ್ತಾ ಸರ್?”

“ಇತ್ತಮ್ಮ.”

“ಎಲ್ಲಾ ವಾರಾನೂ?”

ಮೊದಲನೇ ವಾರ ಒಂದು ಬಿಟ್ಟು ಎಂದೆ. ಇದೂ ತಮಾಷೆಯಂತೆಯೇ ಕೇಳಿಸಿತು. ಆದರೆ ನಿಜ.

ಆಕೆ ಹಾಳೆಯನ್ನು ಕೆಳಗಿಡಲಿಲ್ಲ. “ಕಣ್ಮುಚ್ಕೊಂಡು ನೆನೆಸ್ಕೊಂಡ್ರೆ ಕೈ ತಾನಾಗೇ ಹೋಗುತ್ತೆ ಅಂತಿದ್ರಿ. ನಾನು ಕಣ್ಮುಚ್ಕೊಂಡು ಕೂತ್ಕೊಳ್ತಿದ್ದೆ ಸರ್. ಎಷ್ಟೊತ್ತು ಕೂತ್ರೂ ಹೋಗ್ತಾನೇ ಇರ್ಲಿಲ್ಲ. ನಂಗೆ ಕೈಯೇ ಇಲ್ಲ ಅಂದ್ಕೊಂಡು ಕಲರ್ ಬಾಕ್ಸ್ ತಂಗಿಗೆ ಕೊಟ್ಬಿಟ್ಟೆ. ಎಂಟು ವರ್ಷ ನಂಗೆ ಆಗ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲೂ ಇಲ್ಲ, ಟೀ ತಣ್ಣಗಾಗುತ್ತೆ ಕುಡೀರಿ ಸರ್ ಎಂದಳು. ಆ ಗೋಣಿಚೀಲಗಳು ಕಣ್ಣ ಮುಂದೆ ಬಂದವು. ಒಂದೊಂದು ಕಾಗದದ ಹಿಂದೆಯೂ ಕಣ್ಣು ಮುಚ್ಚಿ ಕೂತ ಒಂದೊಂದು ಮಗು.

ಇವತ್ತು ಎಲ್ಲ ಹೇಳಿಬಿಡುತ್ತೇನೆ, ನೀನು ಕ್ಯಾಮೆರಾ ಹಾಕಿಸು ಎಂದೆ. ಆಕೆ ಒಪ್ಪಿದಳು. ಹಳದಿ ಪೆನ್ಸಿಲ್ಲನ್ನು ಎತ್ತಿ ಹಿಡಿದು, ಮಕ್ಕಳೇ, ಒಂದೇ ಗೆರೆ ಅನ್ನೋದೆಲ್ಲ ಮೋಸ, ಮೊದಲು ಇದರಲ್ಲಿ ಬರೀಬೇಕು, ತಪ್ಪಾದ್ರೆ ಅಳಿಸ್ಬೇಕು, ನಾನೂ ಹಾಗೇ ಮಾಡ್ತಿದ್ದೆ, ಎಂದು ಜೀವಮಾನದಲ್ಲಿ ಮೊದಲ ಸಲ ನೆಟ್ಟಗೆ ಮಾತಾಡಿದೆ. ದೀಪ ಹಿಡಿದವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮುಗಿದ ಮೇಲೆ ಗಡ್ಡದವನು ಬಂದು ಕೈ ಕುಲುಕಿ, ಸಖತ್ ಟೈಮಿಂಗ್ ಸರ್ ನಿಮ್ದು ಎಂದ. ಆಮೇಲೆ ಹಳದಿಯ ಮೇಲೆ ಕಪ್ಪು ಗೆರೆ ಎಳೆದೆ. ಸಮುದ್ರದ ಅಲೆಗಳಿಂದ ಮಾಡಿದ ಆನೆಯಂತೆ ಬಂತು.

ಎರಡು ವಾರದ ಮೇಲೆ ಆಕೆ ಫೋನು ಮಾಡಿದಳು. ಹಳದಿ ಪೆನ್ಸಿಲ್ಲಿನ ಮಾತನ್ನು ಮೇಲಿನವರು ತೆಗೆಸಿದ್ದಾರಂತೆ. ‘ಒಂದೇ ಗೆರೆ ತಾತ’ ಎಂದು ಹೆಸರಿಟ್ಟು ತಾತನೇ ಹಾಗೆ ಹೇಳಿದರೆ ಯಾರು ನೋಡುತ್ತಾರೆ ಎಂದರಂತೆ. “ನಾನು ಹೇಳ್ದೆ ಸರ್. ಮೀಟಿಂಗಲ್ಲಿ ಎರಡ್ಸಲ ಹೇಳ್ದೆ. ನನ್ ಕೈಯಲ್ಲಿ ಅಷ್ಟೇ ಆಗೋದು.”

ವಿಡಿಯೋ ನೋಡಿದೆ. ಕಂಪ್ಯೂಟರಿನಲ್ಲಿ ಹಳದಿಯನ್ನು ಒರೆಸಿಬಿಟ್ಟಿದ್ದರು. ಅಷ್ಟೇ ಅಲ್ಲ, ಅಲೆಗಳನ್ನೂ ಇಸ್ತ್ರಿ ಮಾಡಿದ್ದರು. ನನ್ನ ಕೈ ಬೆಣ್ಣೆಯ ಮೇಲೆ ಓಡಿದ ಹಾಗೆ ಓಡುತ್ತಿತ್ತು. ನಲವತ್ತರಲ್ಲೂ ನಾನು ಹಾಗೆ ಬರೆದವನಲ್ಲ. ಒಂದು ಕ್ಷಣ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕೆಳಗೆ ಕಾಮೆಂಟುಗಳ ಜಾಗದಲ್ಲಿ ಒಂದೊಂದೇ ಅಕ್ಷರ ಹುಡುಕಿ ಬರೆದೆ: ಇದು ಮೋಸ, ಅಡಿಯಲ್ಲಿ ಹಳದಿ ಗೆರೆ ಇತ್ತು, ಇಂತಿ ತಾತ. ಮಧ್ಯಾಹ್ನದ ಹೊತ್ತಿಗೆ ಅದರ ಕೆಳಗೆ ನಗುವ ಮುಖಗಳ ಸಾಲು. ಮಾಮ ಇನ್ನೂ ಬದಲಾಗಿಲ್ಲ ಎಂದು ಯಾರೋ ಬರೆದಿದ್ದರು.

ನಮ್ಮ ಕೆಳಗಿನ ಫ್ಲಾಟಿನಲ್ಲಿ ಶಿವಾಜಿನಗರದಲ್ಲಿ ಬಟ್ಟೆ ವ್ಯಾಪಾರ ಮಾಡುವವರ ಸಂಸಾರವಿದೆ. ಮನೆಯಲ್ಲಿ ದಖನಿ ಉರ್ದು, ಮೆಟ್ಟಿಲ ಮೇಲೆ ನನ್ನ ಹತ್ತಿರ ಕನ್ನಡ. ಅವರ ಎರಡನೇ ಮಗಳು, ಏಳೆಂಟು ವರ್ಷದವಳು, ಆ ಭಾನುವಾರ ಒಂದು ಕಂತೆ ಹಾಳೆ ಹಿಡಿದುಕೊಂಡು ಮೇಲೆ ಬಂದಳು. ಎಲ್ಲದರಲ್ಲೂ ಅರ್ಧ ಆನೆ. ಒಂದರಲ್ಲಿ ಸೊಂಡಿಲು ಹಾಳೆಯಿಂದ ಹೊರಗೆ ಹೋಗಿತ್ತು. ಬೆಳಿಗ್ಗೆಯಿಂದ ಅಳುತ್ತಾ ಕೂತಿದ್ದಾಳೆ, ಒಂದೇ ಗೆರೆಯಲ್ಲಿ ಬರುತ್ತಿಲ್ಲವಂತೆ, ನೀವೇ ಹೇಳಿಕೊಡಿ ಎಂದು ಅವಳ ತಾಯಿ ಮೆಟ್ಟಿಲಿನಿಂದಲೇ ಕೂಗಿ ಹೇಳಿ ಹೋದರು.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳದಿ ಪೆನ್ಸಿಲ್ಲು ತೋರಿಸಿದೆ. ಮೊದಲು ಇದರಲ್ಲಿ ಬರೆಯಬೇಕು, ನಾನೂ ಹಾಗೇ ಬರೆದದ್ದು ಎಂದೆ.

“ಝೂಟ್. ವಿಡಿಯೋದಲ್ಲಿ ಲೈನೇ ಇಲ್ಲ. ಝೂಮ್ ಮಾಡಿ ನೋಡ್ದೆ ನಾನು.”

ಗೆರೆಯನ್ನು ಒರೆಸಿದ್ದಾರೆ ಎಂದೆ. ಯಾರು ಎಂದಳು. ಇಂದಿರಾನಗರದವರು ಎಂದೆ. ನನಗೇ ಅದು ಕಟ್ಟುಕತೆಯ ಹಾಗೆ ಕೇಳಿಸಿತು. ಅದರ ಹಿಂದಿನ ತಿಂಗಳಷ್ಟೇ ನೀರಿನ ಟ್ಯಾಂಕಿನಲ್ಲಿ ಮೊಸಳೆ ಇದೆ ಎಂದು ಇವಳನ್ನೇ ಹೆದರಿಸಿದ್ದೆ.

ಸರಿ, ಗೆರೆಯಿಲ್ಲದೆ ನನಗೆ ಬರುವುದಿಲ್ಲ ಎನ್ನುವುದನ್ನು ತೋರಿಸಿಯೇ ಬಿಡೋಣ ಎಂದು ಖಾಲಿ ಹಾಳೆ ತೆಗೆದುಕೊಂಡೆ. ಪೆನ್ನು ಇಟ್ಟೆ. ಕೈ ಎಂದಿಗಿಂತ ಹೆಚ್ಚಾಗಿ ನಡುಗಿತು. ಬೆನ್ನು ಗರಗಸವಾಯಿತು, ಕಿವಿ ಎಲ್ಲೋ ಹೋಯಿತು, ಸೊಂಡಿಲು ಶುರುವಾದ ಕಡೆಗೆ ಗೆರೆ ತಿರುಗಿ ಬರಲೇ ಇಲ್ಲ. ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ನೋಡು, ಇಷ್ಟೇ ನಾನು ಎನ್ನುವಂತೆ ಹಾಳೆಯನ್ನು ಅವಳ ಕಡೆ ತಳ್ಳಿದೆ.

ಅವಳಿಗೆ ನಗು ತಡೆಯಲಾಗಲಿಲ್ಲ. “ಬೇಕಂತ್ಲೇ ಕೈ ಶೇಕ್ ಮಾಡ್ತಿದ್ದೀರ ತಾತ.”

ಇಲ್ಲಮ್ಮ ಎಂದೆ. ಕೈ ಚಾಚಿ ತೋರಿಸಿದೆ. ಅದು ಅವಳ ಮುಖದ ಮುಂದೆ ಗಾಳಿಯಲ್ಲಿ ಅಲ್ಲಾಡುತ್ತಲೇ ಇತ್ತು. ಅವಳು ತನ್ನ ಕೈಯನ್ನೂ ಚಾಚಿ ನನ್ನಂತೆಯೇ ನಡುಗಿಸಿ ಇನ್ನಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ತನ್ನ ಅರ್ಧ ಆನೆಗಳನ್ನೆಲ್ಲ ಜೋಡಿಸಿಕೊಂಡು ಎದ್ದು ನಿಂತಳು.

“ನಿಮ್ಗೆ ಬರುತ್ತೆ, ನಂಗೆ ಬರಲ್ಲ. ಬಿಡಿ.”

ತಾನು ತಂದಿದ್ದ ಕಪ್ಪು ಪೆನ್ನಿನ ಮುಚ್ಚಳ ಹಾಕಿ, ನೀವೇ ಇಟ್ಕೊಳ್ಳಿ ಎಂದು ನನ್ನ ಮೇಜಿನ ಮೇಲೆ ಇಟ್ಟು, ಒಂದೊಂದೇ ಮೆಟ್ಟಿಲು ಕುಪ್ಪಳಿಸುತ್ತಾ ಇಳಿದುಹೋದಳು.